ಗಾಜಿನ ಬಾಗಿಲಿಗೆ ಎರಡು ಪೆಟ್ಟು

ಬಸ್ಸಿಗೆ ಬಡಿಯುವುದಕ್ಕೂ ಒಂದು ಶಾಸ್ತ್ರವಿದೆ. ಅಂಗೈ ಅಗಲಿಸಿ ತಗಡಿನ ಮೇಲೆ ಒಂದು ಸಲ ಬಡಿದರೆ ನಿಲ್ಲು ಎಂದರ್ಥ, ಎರಡು ಸಲ ಬಡಿದರೆ ಹೊರಡು. ಕಂಡಕ್ಟರ್ ಸೀಟಿ ಊದಲಿ, ಗಂಟೆಯ ಹಗ್ಗ ಎಳೆಯಲಿ, ಲೆಕ್ಕ ಇದೇ. ಕುಮಟಾದಿಂದ ಭಟ್ಕಳದವರೆಗೆ ಜನ ಮೀನಿನ ರೇಟಿನಿಂದ ಹಿಡಿದು ಮತದಾನದವರೆಗೆ ಎಲ್ಲದರಲ್ಲೂ ಜಗಳಾಡುತ್ತಾರೆ, ಈ ಒಂದರಲ್ಲಿ ಮಾತ್ರ ತಕರಾರಿಲ್ಲ. ಕನ್ನಡದವರು, ಕೊಂಕಣಿಯವರು, ನವಾಯತಿ ಮಾತಾಡುವವರು, ಎಲ್ಲರೂ ಬಸ್ಸಿಗೆ ಬಡಿಯುವುದು ಒಂದೇ ಭಾಷೆಯಲ್ಲಿ. ನಾನು ಹೊನ್ನಾವರದ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುವವಳು. ನನ್ನ ಶಿಷ್ಯರಲ್ಲಿ ಸಂಧಿ ಸಮಾಸ ಮರೆತವರು ಬೇಕಾದಷ್ಟಿದ್ದಾರೆ, ಇದನ್ನು ಮರೆತವರನ್ನು ನಾನು ಕಂಡಿಲ್ಲ. ಅಂಥದ್ದರಲ್ಲಿ ನಾನು, ಅದೂ ಬಸ್ ಡ್ರೈವರನ ಹೆಂಡತಿ, ಮುಂಬೈಗೆ ಹೋಗಿ ಇದನ್ನು ಮರೆತು ಬಂದೆ.

ಹೇಳುತ್ತೇನೆ, ಆದರೆ ಸ್ವಲ್ಪ ಸಾವಕಾಶ. ನನಗೆ ಸುಸ್ತಾಗಿದೆ. ಇದು ಇವತ್ತಿನ ಸುಸ್ತಲ್ಲ. ಬೆಳಿಗ್ಗೆ ನಮ್ಮೂರು ಹೊಳನಗದ್ದೆಯಿಂದ ಕುಮಟಾಕ್ಕೆ ಒಂದು ಬಸ್ಸು, ಅಲ್ಲಿಂದ ಹೊನ್ನಾವರಕ್ಕೆ ಇನ್ನೊಂದು, ಸಂಜೆ ಅದೇ ದಾರಿಯಲ್ಲಿ ಹಿಂದಕ್ಕೆ. ಇಷ್ಟು ವರ್ಷದಲ್ಲಿ ನಾನು ಪಾಠ ಮಾಡಿದ್ದು ಹೆಚ್ಚೋ, ಬಸ್ಸಿಗೆ ಕಾದದ್ದು ಹೆಚ್ಚೋ ಎಂದು ಯಾರಾದರೂ ಕೇಳಿದರೆ ಉತ್ತರ ನನಗೆ ಗೊತ್ತಿದೆ, ಹೇಳಿದರೆ ಸರ್ಕಾರ ಸಂಬಳ ಕೊಡುವುದನ್ನು ನಿಲ್ಲಿಸೀತು. ಮಂಡಿ ಎರಡೂ ಬೇರೆ ಬೇರೆ ಸ್ವರದಲ್ಲಿ ಕಿರುಗುಟ್ಟುತ್ತವೆ. ಚೀಲದ ಭಾರ ಹೊತ್ತು ಹೊತ್ತು ಬಲ ಹೆಗಲು ಎಡಕ್ಕಿಂತ ಕೆಳಗಿದೆ. ಫೋಟೋ ತೆಗೆಯುವವರು ನೆಟ್ಟಗೆ ನಿಲ್ಲಿ ಎನ್ನುತ್ತಾರೆ, ನಾನು ನೆಟ್ಟಗೇ ನಿಂತಿರುತ್ತೇನೆ.

ಕಾಯುವುದು ಎಂದಾಗ ನಮ್ಮ ಮನೆಯವರ ವಿಷಯ ಹೇಳಲೇಬೇಕು. ಹೆಸರು ದೇವಪ್ಪ, ಊರಿಗೆಲ್ಲ ದೇವಣ್ಣ. ಕುಮಟಾದಿಂದ ಹೊನ್ನಾವರದ ಮೇಲೆ ಭಟ್ಕಳಕ್ಕೆ ಹೋಗುವ ಬಸ್ಸಿನ ಡ್ರೈವರ್ ಆಗಿದ್ದವರು. ನಮ್ಮ ಕಡೆ ಬಸ್ಸು ಎಂದರೆ ಟೈಮ್‌ಟೇಬಲಿಗೆ ಓಡುವ ವಸ್ತುವಲ್ಲ, ಜನರಿಗೆ ಓಡುವ ವಸ್ತು. ನಿಲ್ದಾಣದಲ್ಲಿ ಬಸ್ಸು ಹೊರಟಿತು ಎನ್ನುವಾಗ ಒಳಗಿದ್ದ ಯಾರೋ ಒಬ್ಬರು ಕಿಟಕಿಯಿಂದ ತಲೆ ಹಾಕಿ, 'ತಡಿ ತಡಿ, ಒಬ್ರು ಬರ್ತಾ ಅವ್ರೆ' ಎನ್ನುತ್ತಾರೆ. ಆ ಒಬ್ಬರು ಅವರಿಗೆ ನೆಂಟರೂ ಅಲ್ಲ, ಪರಿಚಯದವರೂ ಅಲ್ಲ. ದೂರದಲ್ಲಿ ಯಾರೋ ಓಡುತ್ತಿರುವುದು ಕಂಡಿದೆ, ಅಷ್ಟೇ. ಕಂಡ ಮೇಲೆ ಹೇಳದಿರುವುದು ಪಾಪ, ಹೇಳಿದ ಮೇಲೆ ನಿಲ್ಲಿಸದಿರುವುದು ಇನ್ನೂ ದೊಡ್ಡ ಪಾಪ. ಶರಾವತಿಗೆ ಸೇತುವೆ ಇಲ್ಲದ ಕಾಲದಲ್ಲಿ ತಾರಿ ದೋಣಿಯವನೂ ಹೀಗೆಯೇ ಇದ್ದನಂತೆ, ನನ್ನ ಅಜ್ಜಿ ಹೇಳುತ್ತಿದ್ದಳು. ದಡದ ಮೇಲಿಂದ ಯಾರಾದರೂ 'ಕೂ' ಎಂದು ಕೂಗು ಹಾಕಿದರೆ, ಹೊರಟ ದೋಣಿಯೂ ತಿರುಗಿ ಬರುತ್ತಿತ್ತು. ದೋಣಿಯಲ್ಲಿ ಕೂತವರು ಬೈಯುತ್ತಿದ್ದರು, ಆದರೆ ಬೈದದ್ದು ಕೂಗಿದವನನ್ನು, ದೋಣಿಯವನನ್ನಲ್ಲ.

ನಮ್ಮವರು ಆ ದೋಣಿಯವನ ವಂಶದವರೇ ಇರಬೇಕು. ಓಡಿ ಬರುವವರು ಬೇರೆ ಡ್ರೈವರುಗಳಿಗೆ ಕನ್ನಡಿಯಲ್ಲಿ ಕಂಡರೆ ಇವರಿಗೆ ಕಣ್ಣಂಚಿನಲ್ಲಿ ಕಾಣುತ್ತಿದ್ದರು. ತೆಂಗಿನ ಮರಗಳ ಸಂದಿಯಲ್ಲಿ ಒಂದು ಸೀರೆಯ ಸೆರಗು ಹಾರಿದರೆ ಸಾಕು, ಇವರ ಕಾಲು ಬ್ರೇಕಿನ ಮೇಲೆ. ಒಮ್ಮೆ ಭಟ್ಕಳದ ಸ್ಟ್ಯಾಂಡಿನಲ್ಲಿ ನವಾಯತಿ ಮನೆಯ ಅಜ್ಜಿಯೊಬ್ಬರು ಬಸ್ಸು ಹತ್ತಿ ಕೂತ ಮೇಲೆ, ಮೊಮ್ಮಗಳಿಗೆಂದು ತಂದ ಬಿರಿಯಾನಿ ಡಬ್ಬಿ ಆಟೋದಲ್ಲೇ ಉಳಿಯಿತೆಂದು ಎದೆ ಬಡಿದುಕೊಂಡರು. ಆಟೋ ಹುಡುಕಿ ಡಬ್ಬಿ ತರುವವರೆಗೆ ಬಸ್ಸು ನಿಂತಿತು. ಒಳಗಿದ್ದವರು ಗೊಣಗಿಯೇ ಗೊಣಗಿದರು. ಡಬ್ಬಿ ಬಂದು ಅದರ ಪರಿಮಳ ಹಿಂದಿನ ಸೀಟಿನವರೆಗೆ ಹರಡಿದ ಮೇಲೆ ಯಾರೂ ಮಾತಾಡಲಿಲ್ಲ, ಹೊನ್ನಾವರ ಬರುವ ತನಕ ಎಲ್ಲರಿಗೂ ಹಸಿವು.

ಹೀಗೆ ತಾಲೂಕಿಗೆಲ್ಲ ಬಸ್ಸು ನಿಲ್ಲಿಸಿದ ಮಹಾನುಭಾವರು ನಿಲ್ಲಿಸದಿದ್ದದ್ದು ಒಬ್ಬಳಿಗೆ ಮಾತ್ರ. ಯಾರಿಗೆ ಎಂದು ನೀವು ಊಹಿಸಿರುತ್ತೀರಿ. ನಮ್ಮೂರ ಬಸ್ಸು ಕುಮಟಾ ಸ್ಟ್ಯಾಂಡಿಗೆ ತಡವಾಗಿ ಬಂದ ದಿನ ನಾನು ಚೀಲ, ಕೊಡೆ, ಉತ್ತರಪತ್ರಿಕೆಯ ಕಟ್ಟು ಎಲ್ಲ ಅಪ್ಪಿಕೊಂಡು ಇಳಿದು ಓಡುವಷ್ಟರಲ್ಲಿ ಇವರ ಬಸ್ಸು ಗೇಟಿನಿಂದ ಹೊರಬೀಳುತ್ತಿತ್ತು. ಒಳಗಿದ್ದವರು ಪಾಪ, 'ದೇವಣ್ಣಾ, ಅಕ್ಕೋರು ಬರ್ತಾ ಅವ್ರೆ, ತಡಿ' ಎಂದು ಕೂಗುತ್ತಿದ್ದರು. ಟೀಚರಮ್ಮನಿಗೆ ನಮ್ಮಲ್ಲಿ ಅಕ್ಕೋರು ಎನ್ನುತ್ತಾರೆ. ಇವರ ಉತ್ತರ ಸಿದ್ಧವಿರುತ್ತಿತ್ತು: 'ಹಿಂದೆ ಬಸ್ಸದೆ, ಅದ್ಕೆ ಬರ್ತಾಳೆ.' ರಾತ್ರಿ ಊಟಕ್ಕೆ ಬಡಿಸುವಾಗ ನಾನು ಸಾರಿನ ಸೌಟನ್ನು ಸ್ವಲ್ಪ ಜೋರಾಗಿಯೇ ಊರುತ್ತಿದ್ದೆ. ಆಗ ಇವರು ತಟ್ಟೆಯಿಂದ ಕಣ್ಣೆತ್ತದೆ ಹೇಳುತ್ತಿದ್ದರು: 'ಡ್ರೈವರು ತನ್ನ ಹೆಂಡ್ತಿಗೆ ಬಸ್ ನಿಲ್ಲಿಸ್ತಾ ಅಂತ ಊರವ್ರ ಹತ್ರ ಹೇಳಿಸ್ಕೊಳ್ಳೂಕಾ?' ಇಂಥ ಸತ್ಯವಂತನನ್ನು ಕಟ್ಟಿಕೊಂಡ ಮೇಲೆ ಹಿಂದಿನ ಬಸ್ಸೇ ಗತಿ. ಹೆಡ್ಮಾಸ್ತರರ ಮುಂದೆ ತಡವಾದದ್ದಕ್ಕೆ ನಾನು ಹೇಳಿದ ಕಾರಣಗಳಲ್ಲಿ 'ಗಂಡ ಬಿಟ್ಟು ಹೋದರು' ಎಂಬುದೂ ಒಂದು. ಹೊಸದಾಗಿ ಬಂದ ಹೆಡ್ಮಾಸ್ತರರೊಬ್ಬರು ಗಾಬರಿಯಾಗಿ ನನಗೆ ಕುರ್ಚಿ ಕೊಟ್ಟು ನೀರು ತರಿಸಿದರು.

ಹೀಗಿದ್ದವರ ಕಣ್ಣಿಗೆ ಏನೋ ಆಯಿತು. ಡ್ರೈವರುಗಳಿಗೆ ಮಾಡಿಸುವ ಕಣ್ಣಿನ ಪರೀಕ್ಷೆಯಲ್ಲಿ ಡಾಕ್ಟರು ಬೆಳಕು ಬಿಟ್ಟು ನೋಡಿ, ಕಣ್ಣಿನೊಳಗೆ ಒತ್ತಡ ಹೆಚ್ಚಾಗಿದೆ, ಅಂಚಿನ ನೋಟ ಕುಗ್ಗಿದೆ ಎಂದರು. ಡಿಪೋದವರು ಸ್ಟಿಯರಿಂಗಿನಿಂದ ಇಳಿಸಿ ಕುಮಟಾ ಸ್ಟ್ಯಾಂಡಿನ ವಿಚಾರಣೆ ಕೋಣೆಯಲ್ಲಿ ಮೈಕಿನ ಮುಂದೆ ಕೂರಿಸಿದರು. ದೊಡ್ಡ ಡಾಕ್ಟರ ಬಳಿ ತೋರಿಸಿ, ಅಡ್ಡಿಯಿಲ್ಲ ಎಂದು ಬರೆಸಿಕೊಂಡು ಬಂದರೆ ಮತ್ತೆ ಬಸ್ಸು, ಇಲ್ಲವಾದರೆ ನಿವೃತ್ತಿಯವರೆಗೆ ಕುರ್ಚಿ. ಇವರಿಗೆ ಕುರ್ಚಿ ಎಂದರೆ ಆಗದು. ಮೈಕಿನಲ್ಲಿ 'ಶಿರಸಿ ಬಸ್ಸು ಹೊರಡಲಿದೆ' ಎನ್ನುವಾಗ ಇವರ ದನಿ ಮದುವೆ ಮನೆಯಲ್ಲಿ ಸಾವಿನ ಸುದ್ದಿ ಹೇಳುವವರ ದನಿಯಂತಿರುತ್ತಿತ್ತು.

ನಾನೂ ಆ ಪರೀಕ್ಷೆಯನ್ನು ನಂಬಿರಲಿಲ್ಲ. ಹೇಗೆ ನಂಬಲಿ? ಪೇಪರಿನ ಸಣ್ಣ ಅಕ್ಷರ ಕನ್ನಡಕವಿಲ್ಲದೆ ಓದುತ್ತಾರೆ. ನನ್ನ ಸೂಜಿಗೆ ದಾರ ಪೋಣಿಸಿ ಕೊಡುವವರು ಇವರು. 'ಸೂಜಿಗೆ ದಾರ ಹಾಕೂ ಕಣ್ಣಿಗೆ ಎಂತ ಆಗ್ತದೆ? ಅವ್ರ ಯಂತ್ರವೇ ಸರಿ ಇಲ್ಲ' ಎಂದು ಇವರು ಹೇಳಿದರೆ ನಾನೂ ಹೂಂಗುಟ್ಟಿದೆ. ಮಗ್ಗುಲಲ್ಲಿಟ್ಟ ಚಹದ ಲೋಟವನ್ನು ಮೊಣಕೈಯಿಂದ ಬೀಳಿಸಿದಾಗ, ತೆರೆದ ಕಿಟಕಿಯ ಬಾಗಿಲಿಗೆ ಹಣೆ ಬಡಿದುಕೊಂಡಾಗ, ಲಕ್ಷ್ಯ ಎಲ್ಲಿ ಅದೆ ನಿಮ್ದು ಎಂದು ಗದರಿದೆ. ನೆಲ ಒರೆಸುವುದೊಂದು ಹೆಚ್ಚಿನ ಕೆಲಸವಾಯಿತಲ್ಲ ಎಂಬುದೇ ಆಗ ನನ್ನ ತಲೆಯಲ್ಲಿದ್ದದ್ದು.

ಮುಂಬೈಯಲ್ಲಿ ಇವರ ಅಕ್ಕ ಸುಮಿತ್ರಕ್ಕ ಇದ್ದಾರೆ. ಮದುವೆಯಾಗಿ ಹೋದವರು ಅಲ್ಲೇ ಬೇರು ಬಿಟ್ಟಿದ್ದಾರೆ. ಕಣ್ಣಿನ ದೊಡ್ಡ ಡಾಕ್ಟರು ಅಲ್ಲಿ ಸಿಗುತ್ತಾರೆಂದು ಅವರೇ ನಂಬರು ಹಚ್ಚಿಸಿದರು. ನಾವು ಕುಮಟಾದಲ್ಲಿ ರೈಲು ಹತ್ತಿದೆವು. ನಮ್ಮ ಕಡೆಯ ರೈಲ್ವೆ ಪ್ಲಾಟ್‌ಫಾರ್ಮು ನಿಮಗೆ ಗೊತ್ತಿರುತ್ತದೆ. ಅಂಚು ಎಂದರೆ ಅಲ್ಲೊಂದು ಹಳದಿ ಪಟ್ಟೆ. ಅದರ ಮೇಲೆ ಆಡು ಮಲಗಿರುತ್ತದೆ. ಜನ ಹಳಿ ಇಳಿದು ಆಚೆ ಹತ್ತುತ್ತಾರೆ, ರೈಲು ಬಂತೆಂದರೆ ಆಡೂ ಏಳುತ್ತದೆ, ಜನರೂ ಏಳುತ್ತಾರೆ. ದೇವರು ಕಾಯುತ್ತಾನೆ ಎಂಬ ನಂಬಿಕೆಯ ಮೇಲೆ ಕಟ್ಟಿದ ಪ್ಲಾಟ್‌ಫಾರ್ಮು ಅದು.

ಆಸ್ಪತ್ರೆಗೆ ಹೋಗುವ ದಿನ ಬೆಳಿಗ್ಗೆ ಸುಮಿತ್ರಕ್ಕ ದಾರಿ ಹೇಳಿಕೊಟ್ಟರು. ಅವರಿಗೆ ಮಂಡಿ ನೋವು, ಜೊತೆಗೆ ಬರುವಂತಿರಲಿಲ್ಲ. 'ನೆಲದಡಿಗೆ ಹೋಗೂ ಮೆಟ್ರೋ ಅದೆ. ತಂಪು ಗಾಳಿ, ಧೂಳಿಲ್ಲ. ಓಡಿಸೂಕೆ ಯಾರೂ ಬೇಡ, ಯಂತ್ರವೇ ಓಡ್ತದೆ, ಯಂತ್ರವೇ ನಿಲ್ತದೆ' ಎಂದರು.

'ಮುಂದೆ ಯಾರೂ ಇರೂದೇ ಇಲ್ವೇ?' ಎಂದು ಇವರು ಕೇಳಿದರು.

'ಒಬ್ಬ ಇರ್ತಾ ಅಂತಾರೆ. ಓಡಿಸೂಕಲ್ಲ, ನೋಡೂಕೆ ಮಾತ್ರ.'

ಇವರು ಚಹದ ಲೋಟ ಕೆಳಗಿಟ್ಟರು. 'ನೋಡೂಕೂ ಕಣ್ಣು ಬೇಕಲ್ಲೇ ಅಕ್ಕ' ಎಂದು ನಕ್ಕರು. ಸುಮಿತ್ರಕ್ಕ ಇವರ ತಟ್ಟೆಗೆ ಇನ್ನೊಂದು ದೋಸೆ ಹಾಕಿದರು.

ಇಳಿದೆವು, ಇಳಿದೆವು, ಇಳಿಯುತ್ತಲೇ ಹೋದೆವು. ಮೆಟ್ಟಿಲು ತಾನೇ ಇಳಿಯುತ್ತಿದ್ದುದರಿಂದ ನನ್ನ ಮಂಡಿಗೆ ಬಹಳ ದಿನದ ಮೇಲೆ ರಜೆ ಸಿಕ್ಕಿತು. ಕೆಳಗೆ ನೋಡಿದರೆ ಪ್ಲಾಟ್‌ಫಾರ್ಮಿಗೆ ಅಂಚೇ ಇಲ್ಲ. ಅಂಚು ಇರಬೇಕಾದಲ್ಲಿ ಈ ತುದಿಯಿಂದ ಆ ತುದಿಗೆ ಗಾಜಿನ ಗೋಡೆ, ಅದರಲ್ಲಿ ಅಲ್ಲಲ್ಲಿ ಗಾಜಿನ ಬಾಗಿಲು. ಬಾಗಿಲೆಲ್ಲ ಮುಚ್ಚಿದೆ, ಆಚೆ ಕತ್ತಲು. ರೈಲು ಬಂದು ನಿಂತಿತು. ರೈಲಿನ ಬಾಗಿಲು ಗಾಜಿನ ಬಾಗಿಲಿಗೆ ಸರಿಯಾಗಿ ಎದುರು ಬಂತು, ಎರಡೂ ಒಟ್ಟಿಗೆ ತೆರೆದವು, ಒಟ್ಟಿಗೆ ಮುಚ್ಚಿದವು, ರೈಲು ಹೋಯಿತು. ನಾವು ಹತ್ತಲಿಲ್ಲ, ನೋಡುತ್ತ ನಿಂತೆವು. ಇವರು ಗಾಜಿಗೆ ಮುಖ ಹಚ್ಚಿ ಕೆಳಗೆ, ಮೇಲೆ ನೋಡಿದರು. 'ಒಂದು ಬೆರಳು ಆಚೆ ಈಚೆ ಇಲ್ಲ ನೋಡು. ನಾ ಕುಮಟಾ ಸ್ಟ್ಯಾಂಡಲ್ಲಿ ಒಂದು ಮೊಳ ಆಚೆ ನಿಲ್ಲಿಸ್ತಿದ್ದೆ, ಮಳೆಗಾಲದಲ್ಲಿ ಎರಡು ಮೊಳ' ಎಂದರು. ಡ್ರೈವರೊಬ್ಬ ಇನ್ನೊಬ್ಬ ಡ್ರೈವರನನ್ನು ಹೊಗಳುವುದು ಅಪರೂಪ. ಹೊಗಳಿಸಿಕೊಂಡವನು ಅಲ್ಲಿ ಇಲ್ಲವೇ ಇಲ್ಲ ಎಂಬುದಕ್ಕೋ ಏನೋ, ಇವರು ಧಾರಾಳವಾಗಿದ್ದರು.

ಬಾಗಿಲಿನ ವಿಷಯ ನಾನು ಆಮೇಲೂ ಬಹಳ ಯೋಚಿಸಿದ್ದೇನೆ. ನಮ್ಮಲ್ಲಿ ಗದ್ದೆಗೆ, ತೋಟಕ್ಕೆ ದಣಪೆ ಇರುತ್ತದೆ. ಎರಡು ಕಂಬದ ನಡುವೆ ಅಡ್ಡ ಸಿಕ್ಕಿಸಿದ ಬಿದಿರುಗಳಲ್ಲಿ ಮೇಲಿನದನ್ನು ಸರಿಸಿ ಜನ ದಾಟುತ್ತಾರೆ, ದನ ನಿಂತು ನೋಡುತ್ತದೆ. ಜನ ಯಾರು, ದನ ಯಾರು ಎಂಬುದು ದಣಪೆಗೆ ಗೊತ್ತಿರುತ್ತದೆ. ಈ ಗಾಜಿನ ಬಾಗಿಲು ಅದಕ್ಕಿಂತ ಎಷ್ಟೋ ಬುದ್ಧಿವಂತ. ಯಾರೂ ಹಳಿಗೆ ಬೀಳಬಾರದು ಎಂದು ಇಟ್ಟದ್ದು. ಅದನ್ನು ಹಾಸ್ಯ ಮಾಡುವ ಹಕ್ಕು ನನಗಿಲ್ಲ, ಬೀಳದೆ ಉಳಿದವರ ಮನೆಯವರನ್ನು ಕೇಳಬೇಕು ಅದರ ಬೆಲೆ. ಆದರೆ ಬೀಳುವವರನ್ನು ತಡೆಯುವ ಬಾಗಿಲು ಓಡಿ ಬರುವವರನ್ನೂ ತಡೆಯುತ್ತದೆ. ಯಾರು ಬೀಳುತ್ತಿದ್ದಾರೆ, ಯಾರು ಬರುತ್ತಿದ್ದಾರೆ ಎಂದು ಅದು ನೋಡುವುದಿಲ್ಲ.

ಮುಂದಿನ ರೈಲು ಬಂತು. ಆಗ ನಮ್ಮಿಬ್ಬರ ರಕ್ತದಲ್ಲಿದ್ದ ಕುಮಟಾ ಸ್ಟ್ಯಾಂಡು ಎದ್ದು ಕೂತಿತು. ನಮ್ಮಲ್ಲಿ ಇಬ್ಬರು ಬಸ್ಸಿಗೆ ಹೋದರೆ ಒಬ್ಬರು ಮೊದಲು ನುಗ್ಗಿ ಸೀಟು ಹಿಡಿಯುವುದು, ಇನ್ನೊಬ್ಬರು ಸಾಮಾನು ಹಿಡಿದು ನಿಧಾನ ಬರುವುದು. ಇವರು ಹೆಗಲ ಮೇಲಿನ ಟವೆಲು ಕೈಗೆ ತಕ್ಕೊಂಡು, 'ನೀ ಸಾವಕಾಶ ಬಾ, ನಾ ಸೀಟ್ ಹಿಡೀತೆ' ಎಂದು ನುಗ್ಗಿಯೇಬಿಟ್ಟರು. ನಾನು ಆಸ್ಪತ್ರೆಯ ಕಾಗದದ ಚೀಲ, ಸುಮಿತ್ರಕ್ಕ ಕಟ್ಟಿಕೊಟ್ಟ ದೋಸೆಯ ಡಬ್ಬಿ ಹಿಡಿದು ಸಾವಕಾಶವೇ ಬಂದೆ. ಗಂಡ ಒಳಗಿದ್ದಾರೆ, ಬಸ್ಸು ಎಲ್ಲಿ ಹೋಗುತ್ತದೆ ಎಂಬ ಭರವಸೆ. ಕೀಂ ಕೀಂ ಎಂದಿತು. ಬಾಗಿಲು ಮುಚ್ಚಿತು. ನಾನು ಹೊರಗೆ, ಇವರು ಒಳಗೆ, ನಡುವೆ ಎರಡು ಗಾಜು.

ನಾನು ಅಂಗೈ ಅಗಲಿಸಿ ಗಾಜಿಗೆ ಒಂದು ಕೊಟ್ಟೆ. ಅಲ್ಲಿಯವರೆಗೆ ಸರಿ. ಬಾಗಿಲು ಅಲುಗಾಡಲಿಲ್ಲ. ಗಾಬರಿಯಲ್ಲಿ ಇನ್ನೊಂದು ಕೊಟ್ಟೆ. ರೈಲು ಹೊರಟಿತು.

ಗಾಜಿನ ಆಚೆ ಇವರ ಮುಖ ಸರಿಯುತ್ತ ಹೋದದ್ದು ನನಗೆ ಚೆನ್ನಾಗಿ ನೆನಪಿದೆ. ಭಯವಿರಲಿಲ್ಲ ಅದರಲ್ಲಿ. ತಪ್ಪು ಸಿಗ್ನಲ್ ಕೊಟ್ಟ ಹೊಸ ಕಂಡಕ್ಟರನನ್ನು ನೋಡುವ ಸಿಟ್ಟಿತ್ತು. ಬಾಯಿ ಅಗಲವಾಗಿ ತೆರೆದಿತ್ತು. ಏನು ಕೂಗಿದರೆಂದು ಆಮೇಲೆ ಅವರೇ ಹೇಳಿದರು: 'ಹೋಲ್ಡಾನ್!' ಬೋಗಿಯಲ್ಲಿದ್ದವರೆಲ್ಲ ಮೊಬೈಲಿನಿಂದ ತಲೆ ಎತ್ತಿ ನೋಡಿದರಂತೆ. ಇವರು ಗಂಟೆಯ ಹಗ್ಗಕ್ಕಾಗಿ ಮೇಲೆ ತಡಕಾಡಿದರಂತೆ. ನೋಡಿ, ಮದುವೆಯಾದಂದಿನಿಂದ ಮೊದಲ ಸಲ ನನ್ನ ಗಂಡ ನನಗಾಗಿ ಒಂದು ಗಾಡಿ ನಿಲ್ಲಿಸಲು ಕೂಗಿದರು, ಆ ಗಾಡಿಗೆ ಕಿವಿಯೇ ಇರಲಿಲ್ಲ.

ಇವರ ಮೊಬೈಲು ನನ್ನ ಚೀಲದಲ್ಲಿತ್ತು. ಡ್ರೈವಿಂಗ್ ಮಾಡುವಾಗ ಕಿಸೆಯಲ್ಲಿ ಮೊಬೈಲು ಇಡಬಾರದೆಂಬ ನಿಯಮವನ್ನು ಇವರು ಕುರ್ಚಿಗೆ ಬಂದ ಮೇಲೂ ಬಿಟ್ಟಿರಲಿಲ್ಲ. ಅಲ್ಲಿದ್ದ ಕಾವಲಿನ ಹುಡುಗಿಗೆ ನನಗೆ ಬರುವ ಹರಕು ಕೊಂಕಣಿ, ಹಿಂದಿ ಎಲ್ಲ ಸೇರಿಸಿ ವಿಷಯ ಹೇಳಿದೆ. ಅವಳಿಗೆ ಇದು ದಿನದ ಪಾಠ ಇರಬೇಕು. ಮುಂದಿನ ರೈಲು ಹತ್ತಿ ಮುಂದಿನ ಸ್ಟೇಷನ್ನಿನಲ್ಲಿ ಇಳಿಯಿರಿ, ಅವರು ಅಲ್ಲೇ ಇಳಿದಿರುತ್ತಾರೆ, ಗಾಜಿಗೆ ಹೊಡೆಯಬೇಡಿ ಎಂದಳು. ನಾನು ತಲೆತಗ್ಗಿಸಿದೆ. ಮಕ್ಕಳಿಗೆ ಹೊಡೆಯಬೇಡಿ ಎಂದು ಸರ್ಕಾರ ಹೇಳಿದಾಗಲೂ ನನಗೆ ಇಷ್ಟು ನಾಚಿಕೆಯಾಗಿರಲಿಲ್ಲ.

ಮುಂದಿನ ಸ್ಟೇಷನ್ ಬಂತು. ಗಾಜಿನಾಚೆ ಇವರು ಕಂಡರು. ತಾವು ಇಳಿದ ಬಾಗಿಲಿನ ಎದುರಿಗೇ, ಟವೆಲು ಹೆಗಲಿಗೆ ಹಾಕಿ, ನೆಟ್ಟಗೆ ನಿಂತಿದ್ದರು. ಯಂತ್ರ ಅಷ್ಟು ಕರಾರುವಾಕ್ಕಾಗಿ ಬಂದು ನಿಲ್ಲುತ್ತದಲ್ಲ, ನಾನೂ ಅದೇ ಬಾಗಿಲಿಂದ ಇಳಿಯುತ್ತೇನೆಂದು ಇವರ ಲೆಕ್ಕ. ಯಂತ್ರ ತಪ್ಪಲಿಲ್ಲ, ನಾನು ತಪ್ಪಿದೆ. ಜನ ತಳ್ಳಿದ್ದರಿಂದ ಪಕ್ಕದ ಬಾಗಿಲಿಂದ ಹೊರಬಿದ್ದೆ. ನಾಲ್ಕು ಹೆಜ್ಜೆ ಬಂದು ಇವರ ಮಗ್ಗುಲಲ್ಲಿ ನಿಂತೆ. ಕೈ ಚಾಚಿದರೆ ಹೆಗಲು ಸಿಗುವಷ್ಟು ಹತ್ತಿರ. ಇವರು ತಿರುಗಲಿಲ್ಲ. ಸಿಟ್ಟಿರಬೇಕೆಂದು ಕೈ ಬೀಸಿದೆ. ಇವರು ಎದುರಿನ ಬಾಗಿಲಿಂದ ಇಳಿಯುವ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ಬಾಗಿಲು ಮುಚ್ಚಿತು. ಇವರ ಮುಖ ಸಣ್ಣದಾಯಿತು. ನಾನು ಮತ್ತೆ ಕೈ ಬೀಸಿದೆ.

ಆಗ ನನಗೆ ತಿಳಿಯಿತು. ಲೋಟ, ಕಿಟಕಿ, ನಾನು ಗದರಿದ ಮಾತು, ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ತೆಂಗಿನ ಮರದ ಸಂದಿಯ ಸೆರಗು ಕಾಣುತ್ತಿದ್ದವರಿಗೆ ಮಗ್ಗುಲಲ್ಲಿ ನಿಂತ ಹೆಂಡತಿ ಕಾಣುತ್ತಿಲ್ಲ. ನಾನು ಅಷ್ಟು ದೂರ ಸುತ್ತು ಹಾಕಿ ಇವರ ಎದುರಿಗೆ ಬಂದು ನಿಂತೆ.

ಕಂಡ ಕೂಡಲೇ ಶುರು ಮಾಡಿದರು. 'ಎರಡು ಬಡಿದ್ಯಲ್ಲೇ ಮಾರಾಯ್ತಿ! ಡ್ರೈವರ್ ಹೆಂಡ್ತಿ ನೀನು! ಎರಡು ಬಡಿದ್ರೆ ಹೋಗ್ದೆ ಇನ್ನೆಂತ ಮಾಡ್ತದೆ ಅದು?'

ನಾನು ನಕ್ಕೆ. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡೆ. 'ಇದ್ಕೆಲ್ಲ ಅಳೂದಾ? ಬಾ, ಆತು' ಎಂದು ದೋಸೆಯ ಡಬ್ಬಿ ಇಸಿದುಕೊಂಡರು.

ಆಸ್ಪತ್ರೆಯಲ್ಲಿ ಇವರನ್ನು ಒಂದು ಬಿಳಿಯ ಗೋಳದ ಮುಂದೆ ಕೂರಿಸಿದರು. ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು, ಸುತ್ತಲಿನ ಅಂಚಿನಲ್ಲಿ ಎಲ್ಲಾದರೂ ಸಣ್ಣ ಬೆಳಕು ಮಿನುಗಿದರೆ ಕೈಯಲ್ಲಿದ್ದ ಗುಂಡಿ ಒತ್ತಬೇಕು. ನಾನು ಹಿಂದೆ ಸ್ಟೂಲಿನ ಮೇಲೆ ಕೂತಿದ್ದೆ. ಇವರ ಹೆಬ್ಬೆರಳು ಗುಂಡಿಯ ಮೇಲೆ ಸಿದ್ಧವಾಗಿ ಕಾಯುತ್ತಿತ್ತು. ಕಾಯುತ್ತಲೇ ಇತ್ತು. ಹೊರಗೆ ಬಂದು, 'ಬೆಳಕು ಬರೂದೇ ಕಡಿಮೆ ಮಾರಾಯ್ತಿ, ಇವ್ರ ಯಂತ್ರವೂ ಸರಿ ಇಲ್ಲ' ಎಂದರು. ನಾನು ಹೂಂ ಎನ್ನಲಿಲ್ಲ.

ಡಾಕ್ಟರಮ್ಮ ಒಳ್ಳೆಯವರು. ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ಹೋದದ್ದು ಬರುವುದಿಲ್ಲ. ಇದ್ದದ್ದನ್ನು ದಿನಾ ಕಣ್ಣಿಗೆ ಔಷಧಿ ಹಾಕಿ ಉಳಿಸಿಕೊಳ್ಳಬಹುದು. ಬಸ್ಸು ಬೇಡ. ಇವರು ಒಪ್ಪಲಿಲ್ಲ. ನೇರ ಎಲ್ಲ ಕಾಣುತ್ತದೆ, ರಸ್ತೆ ನೇರವೇ ಇರುವುದಲ್ಲವೇ ಎಂದು ವಾದಿಸಿದರು. ಕೊನೆಗೆ ಇಡೀ ತಲೆ ತಿರುಗಿಸಿ ನನ್ನತ್ತ ನೋಡಿದರು. 'ನೀನಾರೂ ಹೇಳೇ. ಸೂಜಿಗೆ ದಾರ ಹಾಕಿ ಕೊಡ್ತೆ ಅಲ್ವಾ?'

ಇಷ್ಟು ವರ್ಷ ಮಕ್ಕಳಿಗೆ ಸತ್ಯವನ್ನೇ ಹೇಳಬೇಕು ಎಂದು ಬೋಧಿಸಿದವಳು ನಾನು. ಹೇಳದಿದ್ದರೆ ಇವರು ಇನ್ನೊಬ್ಬ ಡಾಕ್ಟರನ್ನು ಹುಡುಕುತ್ತಾರೆ, ಎಲ್ಲಾದರೂ ಅಡ್ಡಿಯಿಲ್ಲ ಎಂದು ಬರೆಸಿಕೊಂಡೇ ಬರುತ್ತಾರೆ, ಅದು ನನಗೆ ಗೊತ್ತಿತ್ತು. ಹೇಳಿದರೆ ಬಸ್ಸಿನಿಂದ ಇವರನ್ನು ಇಳಿಸಿದವಳು ನಾನೇ ಆಗುತ್ತೇನೆ.

'ಸ್ಟೇಷನ್ನಲ್ಲಿ ನೀವು ಕಾಯ್ತಾ ನಿಂತಿದ್ರಲ್ಲ, ಆಗ ನಾ ನಿಮ್ಮ ಮಗ್ಗುಲಲ್ಲೇ ಇದ್ದೆ. ಕೈ ಬೀಸ್ದೆ. ನಿಮಗೆ ಕಾಣಲಿಲ್ಲ' ಎಂದೆ.

ಇವರು, 'ಎಷ್ಟು ಹತ್ತಿರ?' ಎಂದರು. ನಾನು ಕೈ ಚಾಚಿ ಅವರ ಹೆಗಲು ಮುಟ್ಟಿದೆ.

'ಓಡಿ ಬರೋರೆಲ್ಲ ಮಗ್ಗುಲಿಂದ್ಲೇ ಬರ್ತಾರೆ' ಎಂದು ನಮ್ಮವರು ಮೆಲ್ಲಗೆ ಹೇಳಿದರು. ಎದ್ದು ಡಾಕ್ಟರಮ್ಮನಿಗೆ ಕೈಮುಗಿದು, ಔಷಧಿ ಹೇಗೆ ಬಿಡಬೇಕೆಂದು ಕೇಳಿದರು.

ಹಿಂದಿರುಗುವಾಗ ಇಬ್ಬರೂ ಕೈ ಹಿಡಿದುಕೊಂಡು ಮೆಟ್ರೋ ಹತ್ತಿದೆವು. ಈ ವಯಸ್ಸಿನಲ್ಲಿ, ಅದೂ ಮುಂಬೈಯಲ್ಲಿ, ಯಾರು ನೋಡುತ್ತಾರೆ. ಸೀಟಿದ್ದರೂ ಇವರು ಕೂರಲಿಲ್ಲ, ಬಾಗಿಲ ಬಳಿ ನಿಂತು ಪ್ರತಿ ಸ್ಟೇಷನ್ನಿನಲ್ಲೂ ಅದು ತೆರೆದು ಮುಚ್ಚುವುದನ್ನು ನೋಡಿದರು. ಬ್ರೇಕ್ ಹಾಕುವ ಹೊತ್ತಿಗೆ ಸರಿಯಾಗಿ ಇವರ ಬಲಗಾಲು ಚಪ್ಪಲಿಯೊಳಗೆ ನೆಲವನ್ನು ಒತ್ತುತ್ತಿತ್ತು. ಇಳಿಯುವಾಗ ಹೇಳಿದರು: 'ಇದು ಯಾರಿಗೂ ಕಾಯೂದಿಲ್ಲ. ಆದ್ರೆ ಯಾರನ್ನೂ ಕೆಡವೂದಿಲ್ಲ. ನಾ ಇನ್ನು ಓಡ್ಸಿದ್ರೆ ಎಲ್ಲರಿಗೂ ಕಾಯ್ತಿದ್ದೆ, ಒಂದಿನ ಯಾರನ್ನಾರೂ ಕೆಡವ್ತಿದ್ದೆ.' ಆ ದಿನದ ಸುಸ್ತು ನನಗೆ ಇನ್ನೂ ಪೂರ್ತಿ ಇಳಿದಿಲ್ಲ.

ಈಗ ಇವರು ಕುಮಟಾ ಸ್ಟ್ಯಾಂಡಿನ ಮೈಕಿನ ಮುಂದೆ ಕಾಯಂ ಆಗಿದ್ದಾರೆ. ಮೊದಮೊದಲು ಮನೆಗೆ ಬಂದು ಮಾತೇ ಆಡುತ್ತಿರಲಿಲ್ಲ. ಔಷಧಿ ಬಿಡಲು ತಲೆ ಹಿಂದಕ್ಕೆ ಮಾಡಿ ಕೂತವರ ಕಣ್ಣಿಂದ ಇಳಿಯುವುದೆಲ್ಲ ಔಷಧಿಯೇ ಎಂದು ನಾನೂ ನಂಬಿದಂತೆ ಇದ್ದೆ. ಆಮೇಲಾಮೇಲೆ ದನಿ ಸ್ವಲ್ಪ ಚೇತರಿಸಿತು. ಚಹದ ಲೋಟವನ್ನು ಈಗ ನಾನು ಮಗ್ಗುಲಲ್ಲಿ ಇಡುವುದಿಲ್ಲ, ಎದುರಿಗೆ ಇಡುತ್ತೇನೆ. ಹೆದ್ದಾರಿ ಅಗಲವಾಗಿದೆ, ಹೊಸ ಡ್ರೈವರುಗಳು ಗಡಿಯಾರ ನೋಡಿ ಗಾಡಿ ತೆಗೆಯುತ್ತಾರೆ. ಹಿರೇಗುತ್ತಿಗೋ ಹೊನ್ನಾವರಕ್ಕೋ ಹೋಗುವ ಯಾರಾದರೂ ಸ್ಟ್ಯಾಂಡಿನ ಗೇಟಿನಲ್ಲಿ ಓಡುತ್ತ ಬರುವುದು ಇವರ ಕಿಟಕಿಗೆ ನೇರ ಕಂಡರೆ ಮೈಕಿನಲ್ಲಿ ದೊಡ್ಡದಾಗಿ, 'ತಡಿ, ಒಬ್ರು ಬರ್ತಾ ಅವ್ರೆ' ಎಂದುಬಿಡುತ್ತಾರೆ. ಮೇಲಿನವರು ಒಮ್ಮೆ ಆಕ್ಷೇಪಿಸಿದರು. ಇವರು ಹೂಂ ಎಂದರು, ಮರುದಿನ ಮತ್ತೆ ಹೇಳಿದರು.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಸಂಜೆ ಹೊನ್ನಾವರದಿಂದ ನನ್ನ ಬಸ್ಸು ಬರುವುದು ತಡವಾದರೆ ಇವರು ಕೋಣೆಯಿಂದ ಎದ್ದು ಹೊಳನಗದ್ದೆಯ ಬಸ್ಸಿನ ಮುಂದೆ ಹೋಗಿ ನಿಲ್ಲುತ್ತಾರೆ. ಅದರ ಮೂತಿಗೆ ಅಂಗೈಯಿಂದ ಒಂದು ಬಡಿಯುತ್ತಾರೆ. ಡ್ರೈವರ್ ಹುಡುಗ, 'ದೇವಣ್ಣ, ಟೈಮಾತು' ಎನ್ನುತ್ತಾನೆ. 'ತಡಿಯೋ, ಅಕ್ಕೋರು ಬರ್ತಾ ಅವ್ರೆ' ಎಂದು ಇವರು ಕೈ ತೆಗೆಯುವುದಿಲ್ಲ. ಮೊದಲ ದಿನ ನನಗೆ ನಾಚಿಕೆಯಾಗಿ ಮನೆಯಲ್ಲಿ ಕೇಳಿದೆ: 'ಹೆಂಡ್ತಿಗೆ ಬಸ್ ನಿಲ್ಲಿಸ್ತಾರೆ ಅಂತ ಹೇಳಿಸ್ಕೊಳ್ಳೂಕಾ ಈಗ?'

'ಡ್ರೈವರು ನಿಲ್ಲಿಸೂಕಾಗೂದಿಲ್ಲ' ಎಂದರು. 'ನಾ ಈಗ ಡ್ರೈವರ್ ಅಲ್ಲವಲ್ಲ.'

ಹೊನ್ನಾವರದ ಬಸ್ಸು ಬಂದು ನಿಲ್ಲುವುದು ಹೊಳನಗದ್ದೆ ಬಸ್ಸಿನ ಮಗ್ಗುಲಿಗೇ. ಇಳಿದರೆ ಹತ್ತುವ ಬಾಗಿಲು ಎದುರಿಗೇ ಇರುತ್ತದೆ, ಇವರಿಗೆ ಕಾಣದಂತೆ ಹತ್ತಿ ಕೂತುಬಿಡಬಹುದು. ನನ್ನ ಮಂಡಿ ಅದನ್ನೇ ಹೇಳುತ್ತದೆ. ಆದರೂ ನಾನು ಎರಡು ಬಸ್ಸಿನ ಹಿಂದಿನಿಂದ, ವಿಚಾರಣೆ ಕೋಣೆಯನ್ನು ಬಳಸಿ, ಗೇಟಿನ ಕಡೆಯಿಂದ ಸುತ್ತು ಹಾಕಿ ಇವರ ಎದುರಿಂದ ಬರುತ್ತೇನೆ, ಸ್ವಲ್ಪ ಓಡಿದಂತೆಯೂ ಮಾಡುತ್ತೇನೆ. ಕಂಡ ಕೂಡಲೇ ಇವರ ಮುಖ ಅರಳುತ್ತದೆ, ಬಾಯಿ ಮಾತ್ರ, 'ಎಂತ ಸಾವಕಾಶವೇ ನಿಂದು, ಇಡೀ ಬಸ್ಸು ಕಾಯ್ತಾ ಅದೆ' ಎನ್ನುತ್ತದೆ. ನಾನು ಒಳಗೆ ಕಾಲಿಟ್ಟು ಇನ್ನೂ ಸೀಟು ಹುಡುಕುತ್ತಿರುವಾಗಲೇ ತಗಡಿನ ಮೇಲೆ ಎರಡು ಪೆಟ್ಟು ಬೀಳುತ್ತವೆ.